ಅಕ್ಕನ ಹಲ್ಲಿನ ಸಂದು

ನಮ್ಮ ಮನೆಯಲ್ಲಿ ಯಾರಾದರೂ ಬಾಯಿ ತೆರೆದರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ನಾನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು ಮನೆಯಲ್ಲಿದ್ದವ. ಒಂದು ಕಡೆ ಕುಂದ್ರಾಕ ಆಗದ ಜೀವ. ಹಾಗಾಗಿ ಎಲ್ಲರ ಜೊತೆಗೂ ನನ್ನನ್ನೇ ಕಳಿಸುತ್ತಿದ್ದರು.

೧. ಕರಿ ಹಲ್ಲು

ಅಜ್ಜಿಗೆ ದವಡೆ ಬಾತಿತ್ತು. ಹಾವೇರಿಯ ಹಲ್ಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಬೆಂಗಳೂರು ಕಡೆಯವರು, ಹೊಸಬರು. ಬ್ಯಾಟರಿ ಬಿಟ್ಟು ನೋಡಿ, ಹಲ್ಲೆಲ್ಲ ಕಪ್ಪಾಗಿವೆ, ಕ್ಲೀನ್ ಮಾಡಿ ಬೆಳ್ಳಗೆ ಮಾಡಿಕೊಡುತ್ತೇನೆ ಅಂದರು. ಅಜ್ಜಿ ನೋವು ಮರೆತು ಎದ್ದು ಕುಂತಳು. ಮದುವೆಗೆ ಮೊದಲಿಂದ ದಿನಾ ಹೊಗೆಸೊಪ್ಪಿನ ಮಿಶ್ರಿ ಪುಡಿ ತಿಕ್ಕಿ ತಿಕ್ಕಿ ಕರ್ರಗೆ ಮಾಡಿಕೊಂಡ ಹಲ್ಲು ಅವು. ಅಜ್ಜ ಅವನ್ನು ನೋಡಿಯೇ ಒಪ್ಪಿದ್ದನಂತೆ.

"ಬೆಳ್ಳನ್ನ ಹಲ್ಲು ನಾಯಿಗೂ ಇರ್ತಾವರಿ ಡಾಕ್ಟರ್. ನೀವು ದವಡಿ ಅಷ್ಟ ನೋಡ್ರಿ."

೨. ಸಾಹೇಬರ ಹಲ್ಲು

ಅಕ್ಕನ ಮುಂದಿನ ಎರಡು ಹಲ್ಲಿನ ನಡುವೆ ಜೋಳದ ಕಾಳು ಹಿಡಿಯುವಷ್ಟು ಸಂದು. ಕನ್ಯಾ ನೋಡಲು ಬಂದ ಎರಡು ಮನೆಯವರು ಅದನ್ನು ನೋಡಿ, ಅವಲಕ್ಕಿ ತಿಂದು ಹೋದವರು ತಿರುಗಿ ಸುದ್ದಿ ಕಳಿಸಲಿಲ್ಲ. ಅಂದಿನಿಂದ ಅಕ್ಕ ಕನ್ನಡಿ ಮುಂದೆ ನಿಂತು ತುಟಿ ಬಿಚ್ಚದೆ ನಗುವುದನ್ನು ಕಲಿಯುತ್ತಿದ್ದಳು.

ಮೂರನೇ ಮನೆಗೆ ಕಳಿಸಲು ಫೋಟೋ ಬೇಕಾಯಿತು. ನಮ್ಮ ಬ್ಯಾಡಗಿಯ ಸ್ಟುಡಿಯೋದವ ಸ್ವಲ್ಪ ನಗವ್ವಾ ಅನ್ನುವನು. ಅವನ ಬೆನ್ನ ಹಿಂದೆ ನಿಂತ ಅವ್ವ ಬಾಯಿ ಮುಚ್ಚೆಂದು ಸನ್ನೆ ಮಾಡುವಳು. ಎಲ್ಲ ಫೋಟೋದಲ್ಲೂ ಅಕ್ಕ ಬಾಯಿ ತುಂಬ ನೀರು ಹಿಡಿದವಳಂತೆ ಬಂದಳು. ಒಂದರಲ್ಲಿ ಮಾತ್ರ, ನಾನು ಅವ್ವನ ಹಿಂದೆ ನಿಂತು ಅವ್ವನನ್ನೇ ಅಣಕಿಸಿದ್ದಕ್ಕೆ, ಖರೇ ನಕ್ಕಿದ್ದಳು. ಮರುದಿನ ಒಬ್ಬನೇ ಓಡಿಹೋಗಿ, ಅವನ ಹೊಸ ಕಂಪ್ಯೂಟರಿನಲ್ಲಿ ಆ ಫೋಟೋದ ಸಂದು ಮುಚ್ಚಿಸಿದೆ. ಹಲ್ಲು ಎಲ್ಲಿಂದ ತಂದಿರಿ ಎಂದು ಕೇಳಿದೆ.

"ಬ್ಯಾನರಿಗೆ ಲೀಡರ್ ಸಾಹೇಬ್ರ ಫೋಟೋ ಬಂದಿತ್ತಲ್ಲ, ಅವ್ರದ್ದ ಒಂದು ಚೂರು ತಗೊಂಡೆ. ಅವ್ರಿಗೆ ಭಾಳ ಅದಾವು."

೩. ಸಂದು ಎಲ್ಲಿ?

ಮೂರನೇ ಮನೆಯವರು, ರಾಣೆಬೆನ್ನೂರಿನವರು, ನಾನು ಕಳಿಸಿದ ಆ ಫೋಟೋ ಹಿಡಿದೇ ಬಂದರು. ಅಕ್ಕ ತುಟಿ ಹೊಲಿದವಳಂತೆ ಕುಂತಳು. ಹುಡುಗನ ತಾಯಿ ಫೋಟೋ ನೋಡುವುದು, ಅಕ್ಕನನ್ನು ನೋಡುವುದು. ಕಡೆಗೆ ಅಪ್ಪನ ಕಡೆ ತಿರುಗಿದಳು.

"ಹಲ್ಲ ಸಂದಿರೋ ಹುಡಿಗಿ ಅಂತ ಕೇಳೇ ಬಂದೇವ್ರಿ. ನಮ್ಮತ್ತಿಗೂ ಸಂದು, ನನಗೂ ಸಂದು, ನಮ್ಮ ಮನಿಗೆ ಅದ ಲಕ್ಷ್ಮಿ. ಈ ಫೋಟೋದಾಕಿ ಯಾರು?"

ಒಬ್ಬಳನ್ನು ತೋರಿಸಿ ಇನ್ನೊಬ್ಬಳನ್ನು ಕೊಡುವ ಮಂದಿ ಎಂದು ಹುಡುಗನ ಸೋದರಮಾವ ಗೊಣಗಿದ. ಅಕ್ಕ ಬಾಯಿ ತೆರೆಯಲೋ ಬೇಡವೋ ಎಂದು ಅವ್ವನನ್ನೇ ನೋಡುತ್ತಿದ್ದಳು. ಅವರು ಎದ್ದು ಚಪ್ಪಲಿ ಹುಡುಕತೊಡಗಿದರು. ನನಗೆ ತಡೆಯಲಾಗಲಿಲ್ಲ.

"ಆಕಿ ನಮ್ಮಕ್ಕನ ಅದಾಳ್ರಿ. ನಡುವಿನ ಹಲ್ಲು ಅಷ್ಟ ಲೀಡರ್ ಸಾಹೇಬ್ರದು."

ಅಕ್ಕ ಫಕ್ಕನೆ ನಕ್ಕಳು. ಸಂದು ಇಡೀ ಮನೆಗೆ ಕಂಡಿತು. ಹುಡುಗನ ತಾಯಿ ಲಗೂನ ಸಕ್ಕರೆ ತರಿಸಿ ಅದೇ ಬಾಯಿಗೆ ಹಾಕಿದಳು.

೪. ಆಲ್ಬಮ್

ಮದುವೆ ಫೋಟೋನೂ ಅದೇ ಸ್ಟುಡಿಯೋದವನದು. ಅಕ್ಕನ ಸಂದು, ಅವಳ ಅತ್ತೆಯ ಸಂದು ಮುಟ್ಟಬೇಡ ಎಂದು ನೂರು ಸಲ ಹೇಳಿದ್ದೆ. ಅವೆರಡನ್ನು ಮಾತ್ರ ಬಿಟ್ಟಿದ್ದ. ಕನ್ನಡಕ ಹಾಕಿಕೊಂಡು ಹಾಳೆ ತಿರುವುತ್ತಿದ್ದ ಅಜ್ಜಿ ಒಂದು ಫೋಟೋದ ಮೇಲೆ ಬೆರಳಿಟ್ಟಳು.

"ತಮ್ಮಾ, ನಿಮ್ಮಕ್ಕನ ಬಾಜೂಕ ನನ್ನ ಸೀರಿ ಉಟಗೊಂಡು ಕುಂತಾಳಲ್ಲ, ಈ ಬೆಳ್ಳನ್ನ ನಾಯಿ ಹಲ್ಲಿನಾಕಿ ಯಾರೋ?"