ಎರಡು ರೆಸಾರ್ಟು, ಒಂದು ಸಂಸಾರ

ನಮ್ಮ ಮನೆಯಲ್ಲಿ ದೊಡ್ಡ ನಿರ್ಧಾರಗಳು ಪಟಪಟನೆ ಆಗಿಬಿಡುತ್ತವೆ. ದೇಶ ಬಿಟ್ಟು ಬರುವುದು ಎರಡು ದಿನದಲ್ಲಿ ತೀರ್ಮಾನವಾಯಿತು, ಮನೆ ಕೊಳ್ಳುವುದು ಒಂದು ಮಧ್ಯಾಹ್ನದಲ್ಲಿ. ಆದರೆ ಕಿಟಕಿಯ ಪರದೆ ಯಾವ ಬಣ್ಣದ್ದಿರಬೇಕು ಅನ್ನುವಂಥ ಮಾತು ಬಂತೋ, ತಿಂಗಳುಗಟ್ಟಲೆ ಎಳೆದಾಡಿ, ನಡುವೆ ನಾಲ್ಕು ಫಜೀತಿಯಾಗಿ, ನಾಲ್ಕು ಜನ ನಕ್ಕ ಮೇಲೆಯೇ ಮುಗಿಯುವುದು. ಹೋದ ವರ್ಷ ಪರದೆಯ ಜಾಗದಲ್ಲಿ ಎರಡು ರೆಸಾರ್ಟು ಬಂದವು.

೧. ಡಾಕ್ಟರ ಪ್ರಶ್ನೆ

ನಾನು ಹುಬ್ಬಳ್ಳಿಯವಳು, ನಮ್ಮನೆಯವರು ಮೈಸೂರಿನವರು. ಹನ್ನೊಂದು ವರ್ಷದಿಂದ ಡಚ್ಚರ ನಾಡಿನ ಬಾಡ್‌ಹೂವೆಡಾರ್ಪ್‌ನಲ್ಲಿದ್ದೇವೆ. ವಿಮಾನ ನಿಲ್ದಾಣ ಪಕ್ಕದಲ್ಲೇ. ತಲೆಯ ಮೇಲೆ ವಿಮಾನ ಹಾದಾಗ ಮಾತು ನಿಲ್ಲಿಸಿ, ಅದು ಹೋದ ಮೇಲೆ ಜಗಳವನ್ನು ಬಿಟ್ಟಲ್ಲಿಂದ ಮುಂದುವರಿಸುವುದು ನಮಗೆ ರೂಢಿಯಾಗಿದೆ. ನಾನು ಲೈಡನ್ನಿನ ಒಂದು ಲ್ಯಾಬಿನಲ್ಲಿ ಸಂಶೋಧಕಿ. ದಿನವಿಡೀ ಮೈಕ್ರೋಸ್ಕೋಪಿನ ಮೇಲೆ ಬಾಗಿ ಬಾಗಿ, ಹೋದ ಚಳಿಗಾಲದಲ್ಲಿ ಬೆನ್ನು ಹಿಡಿದುಕೊಂಡಿತು. ಒಂದು ಬೆಳಿಗ್ಗೆ ಸಾಕ್ಸ್ ಹಾಕಿಕೊಳ್ಳಲು ಬಗ್ಗಿದವಳಿಗೆ ಮೇಲೇಳಲು ಆಗಲಿಲ್ಲ. ಹಾಗೇ ಕೂತು ಅತ್ತೆ. ಹದಿಮೂರು ವರ್ಷದ ಮಗಳು ಬಂದು, ಅವಳು ಚಿಕ್ಕವಳಿದ್ದಾಗ ನಾನು ಹಾಕುತ್ತಿದ್ದ ಹಾಗೆ, ಒಂದೊಂದೇ ಕಾಲಿಗೆ ಸಾಕ್ಸ್ ಹಾಕಿದಳು. ನಮ್ಮನೆಯವರು ಡಾಕ್ಟರಿಗೆ ಫೋನ್ ಹಚ್ಚಿದರು.

ಡಾಕ್ಟರು ಬೆನ್ನು ಒತ್ತಿ ನೋಡಿ, "ಕೊನೆಯ ಸಲ ರಜೆ ತಗೊಂಡಿದ್ದು ಯಾವಾಗ?" ಅಂತ ಕೇಳಿದರು.

"ಹೋದ ಬೇಸಿಗೆಯಲ್ಲಿ. ಐದು ವಾರ ಊರಿಗೆ ಹೋಗಿದ್ದೆ."

"ಒಳ್ಳೆಯದು. ಅಲ್ಲಿ ಏನು ಮಾಡಿದಿರಿ?"

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಮೂರು ಮದುವೆ, ಒಂದು ಗೃಹಪ್ರವೇಶ, ಸಹಿ ಹೊಂದಲಿಲ್ಲವೆಂದು ಬ್ಯಾಂಕಿಗೆ ಎರಡು ಸಲ ಓಡಾಟ, ಅಪ್ಪನ ಕಣ್ಣಿನ ಪೊರೆಯ ಆಪರೇಷನ್, ಉಳಿದ ದಿನ ಒಬ್ಬರನ್ನೂ ಬಿಡದೆ ನೆಂಟರ ಮನೆಗಳಲ್ಲಿ ಚಹಾ. ಡಾಕ್ಟರು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆದುಕೊಂಡರು. ಬರೆದು ಮುಗಿಸಿ ತಲೆ ಎತ್ತಿ, "ಇದರಲ್ಲಿ ರಜೆ ಯಾವುದು?" ಅಂದರು.

ನಾನು ಪ್ರಾಮಾಣಿಕವಾಗಿ ಯೋಚಿಸಿದೆ. "ಕಣ್ಣಿನ ಆಪರೇಷನ್," ಅಂದೆ. "ಅವತ್ತು ಆಸ್ಪತ್ರೆಯಲ್ಲಿ ಎರಡು ತಾಸು ಒಬ್ಬಳೇ ಕುರ್ಚಿಯ ಮೇಲೆ ಕೂತಿದ್ದೆ."

೨. ತುಕ್ಕು

ಡಾಕ್ಟರು ವ್ಯಾಯಾಮ ತೋರಿಸಿಕೊಟ್ಟು, ಬೆಚ್ಚಗಿನ ಸಮುದ್ರ ಇರುವ ಕಡೆ ಹೋಗಿ ಒಂದು ವಾರ ಏನೂ ಮಾಡದೆ ಇರಿ ಅಂದರು. ಕ್ಯುರಸಾವ್ ದ್ವೀಪ ಅಂತ ಗೊತ್ತುಮಾಡಿಕೊಂಡೆವು. ಕೆರಿಬಿಯನ್ ಸಮುದ್ರದಲ್ಲಿದ್ದರೂ ಡಚ್ ರಾಜ್ಯಕ್ಕೇ ಸೇರಿದ್ದು, ಡಚ್ ಭಾಷೆ ನಡೆಯುತ್ತದೆ, ನಮ್ಮ ಮನೆ ಪಕ್ಕದಿಂದಲೇ ನೇರ ವಿಮಾನ. ಕೊನೆಗೆ ಉಳಿದದ್ದು ಎರಡು ರೆಸಾರ್ಟು. ಒಂದು ದೊಡ್ಡದು: ಮೂರು ಈಜುಕೊಳ, ಐದು ಊಟದ ಮನೆ, ದಿನವೂ ಹಾಡು ಕುಣಿತ, ತಿಂದಷ್ಟೂ ಕುಡಿದಷ್ಟೂ ಮೊದಲು ಕಟ್ಟಿದ ದುಡ್ಡಿನಲ್ಲೇ ಸೇರಿದ್ದು. ಇನ್ನೊಂದು ಚಿಕ್ಕದು: ಪುಟ್ಟ ಕೊಲ್ಲಿಯ ಸುತ್ತ ಹನ್ನೆರಡೇ ಮನೆ, ಮನೆಯ ಮುಂದೊಂದು ತೂಗುಮಂಚ. ಆ ತೂಗುಮಂಚದ ಫೋಟೋ ನೋಡಿದ ಕೂಡಲೇ ನಾನು "ಇದೇ" ಅಂದೆ.

ನಮ್ಮನೆಯವರು ಸಾಫ್ಟ್‌ವೇರ್ ಟೆಸ್ಟರು. ಸರಿಯಾಗಿ ನಡೆಯುತ್ತಿರುವ ವಸ್ತುವನ್ನು ನಂಬದಿರುವುದೇ ಅವರ ಕೆಲಸ. "ಹಾಗೆಲ್ಲ ಫೋಟೋ ನೋಡಿ ಹೇಳಕ್ಕಾಗಲ್ಲ ಕಣೇ," ಅಂತ ಎಕ್ಸೆಲ್ ಶೀಟ್ ತೆರೆದರು. ಹೋಗಿಬಂದವರು ಬರೆದ ಅಭಿಪ್ರಾಯಗಳನ್ನೆಲ್ಲ ಡಚ್‌ನಲ್ಲೇ ಓದತೊಡಗಿದರು. ಮೂರನೇ ದಿನಕ್ಕೆ ಚಿಕ್ಕ ರೆಸಾರ್ಟಿನ ಸಾಲು ಪೂರ್ತಿ ಕೆಂಪಾಗಿತ್ತು.

"ಅದು ಬೇಡ. ಅಲ್ಲೆಲ್ಲಾ ತುಕ್ಕು ಹಿಡಿದಿದೆ. ಬಂದೋರೆಲ್ಲಾ ಅದನ್ನೇ ಬರೆದಿದಾರೆ. ರೂಮು ರುಸ್ತಿಖ್, ಅಂದ್ರೆ ರಸ್ಟಿ, ಬೀಚು ರುಸ್ತಿಖ್. ಒಬ್ಬ ಅಂತೂ ಅಲ್ಲಿ ಕೆಲಸ ಮಾಡೋರೂ ರುಸ್ತಿಖ್ ಅಂತ ಬರೆದಿದಾನೆ."

"ಮಂದಿಗೆ ಹೆಂಗ್ ತುಕ್ಕು ಹಿಡಿತೈತ್ರೀ?"

"ಸಮುದ್ರದ ಗಾಳಿ," ಅಂದರು.

ಸೋಫಾದಲ್ಲಿ ಮಲಗಿದ್ದ ಮಗಳು ಫೋನಿನಿಂದ ಕಣ್ಣು ತೆಗೆಯದೆ, "ಪಪ್ಪಾ, ರುಸ್ತಿಖ್ ಮೀನ್ಸ್ ಕ್ವಾಯಟ್. ಕಾಮ್," ಅಂದಳು.

ಇವರು ಕೆಂಪು ಸಾಲನ್ನು ಮತ್ತೆ ಬಿಳಿ ಮಾಡತೊಡಗಿದರು. ರೆಸಾರ್ಟಿನ ವಿಚಾರ ಮಾಡುತ್ತಿದ್ದಾರೆ ಅಂದುಕೊಂಡೆ. ಆಮೇಲೆ ನಿಧಾನಕ್ಕೆ ಬಾಯಿಬಿಟ್ಟರು. ಹಿಂದಿನ ವರ್ಷ ತಮ್ಮ ಹಳೇ ಸೈಕಲ್ ಮಾರುವಾಗ, ಮೋಸ ಮಾಡಬಾರದೆಂದು ಜಾಹೀರಾತಿನಲ್ಲಿ "ಸ್ವಲ್ಪ ರುಸ್ತಿಖ್" ಅಂತ ತಾವೇ ಬರೆದಿದ್ದರಂತೆ. ಒಬ್ಬರು ಅಜ್ಜಿ ಬಂದು, ಚಕ್ರವನ್ನಾಗಲಿ ಬ್ರೇಕನ್ನಾಗಲಿ ನೋಡದೆ, ಮೊದಲು ಬೆಲ್ ಒತ್ತಿದರಂತೆ. ಅದು ಸದ್ದೇ ಮಾಡದ್ದು ಕಂಡು, ಸಂತೋಷದಿಂದ ತಲೆಯಾಡಿಸಿ ಸೈಕಲ್ ಒಯ್ದರಂತೆ.

೩. ಪಕ್ಕದ ಮನೆಯ ಸಲಹೆ

ತುಕ್ಕು ಹೋದ ಮೇಲೆ ಎರಡೂ ರೆಸಾರ್ಟು ಸಮಸಮಕ್ಕೆ ನಿಂತವು: ನಾನು ಚಿಕ್ಕದು ಅನ್ನುವುದು, ಇವರು ಐದು ಊಟದ ಮನೆಯ ದೊಡ್ಡದು ಅನ್ನುವುದು. ನಮ್ಮ ಪಕ್ಕದ ಮನೆಯ ಡಚ್ ಹೆಂಗಸು ಆ ದ್ವೀಪಕ್ಕೆ ಹಲವು ಸಲ ಹೋಗಿಬಂದವರು. ಕೇಳೋಣವೆಂದು ಇಬ್ಬರೂ ಹೋದೆವು. ಅವರು ಡೈರಿ ನೋಡಿ, ಬರುವ ವಾರದ ಗುರುವಾರ ಹತ್ತೂವರೆಗೆ ಕಾಫಿಗೆ ಬನ್ನಿ ಅಂದರು. ಗೋಡೆಗೆ ಗೋಡೆ ಅಂಟಿದ ಮನೆ, ಅವರು ಸೀನಿದ್ದು ನಮಗೆ ಕೇಳುತ್ತದೆ. ಆದರೂ ಒಂಬತ್ತು ದಿನ ಕಾದೆವು.

ಗುರುವಾರ ಕಾಫಿ ಬಗ್ಗಿಸಿಕೊಟ್ಟು ಅವರು ನೇರವಾಗಿ ಮಾತಿಗೆ ಬಂದರು. "ಎರಡೂ ಚೆನ್ನಾಗಿವೆ. ದೊಡ್ಡದರಲ್ಲಿ ಬೆಳಿಗ್ಗೆ ನೀನೊಂದು ಕಡೆ, ನಿನ್ನ ಗಂಡ ಒಂದು ಕಡೆ. ಸಂಜೆ ಊಟಕ್ಕೆ ಸಿಕ್ಕರೆ ಸಾಕು. ಚಿಕ್ಕದರಲ್ಲಿ ದಿನವಿಡೀ ಒಬ್ಬರ ಮುಖ ಒಬ್ಬರು ನೋಡುತ್ತಿರಬೇಕು. ಅದಕ್ಕೆ ಮೊದಲು ನನಗೆ ಇಷ್ಟು ಹೇಳಿ. ನಿಮ್ಮಿಬ್ಬರಿಗೂ ಒಬ್ಬರಿಗೊಬ್ಬರು ಇಷ್ಟವಾ?"

ಹದಿನಾರು ವರ್ಷದ ಸಂಸಾರದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹೆಣ್ಣು ನೋಡಲು ಬಂದ ದಿನ ಕೂಡ ಗಂಡಿನ ಕಡೆಯವರು ಕೇಳಿದ್ದು, ನನಗೆ ಹಾಡು ಬರುತ್ತದೆಯೇ ಎಂದು. ನಾನು ಕಾಫಿ ಕಪ್ಪು ನೋಡಿದೆ. ನಮ್ಮನೆಯವರು ಕಿಟಕಿಯಾಚೆ ನೋಡಿದರು. ಆ ಹೊತ್ತಿಗೆ ಸರಿಯಾಗಿ ಒಂದು ವಿಮಾನ ಹಾದುಹೋಯಿತು, ಪುಣ್ಯಕ್ಕೆ. ಆಮೇಲೆ ಮಾತು ಹವಾಮಾನಕ್ಕೆ ತಿರುಗಿತು.

ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅವರು, "ಯಾಕೆ ನೀನು ಸುಮ್ಮನಿದ್ದೆ?" ಅಂದರು.

"ನೀವ್ಯಾಕ ಸುಮ್ಮನಿದ್ರಿ?"

"ನೀನು ಏನಂತೀಯೋ ನೋಡಿಕೊಂಡು ಹೇಳೋಣ ಅಂತ."

೪. ಅವ್ವನ ಭೂಗೋಳ

ಎಲ್ಲಕ್ಕಿಂತ ಕಷ್ಟದ ಕೆಲಸ ಅವ್ವನಿಗೆ ಹೇಳುವುದಾಗಿತ್ತು. ಹನ್ನೊಂದು ವರ್ಷದಲ್ಲಿ ಬೇಸಿಗೆಗೆ ಊರಿಗೆ ಹೋಗದೆ ಇದ್ದದ್ದಿಲ್ಲ. ಎರಡು ಭಾನುವಾರ ವಿಡಿಯೋ ಕಾಲ್‌ನಲ್ಲಿ ಮಾತು ಬಾಯಿತನಕ ಬಂದು ನಿಂತಿತು. ಮೂರನೇ ಭಾನುವಾರ ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ.

"ಯವ್ವಾ, ಈ ಸಲ ಬರೂದು ಆಗೂದಿಲ್ಲ. ವೆಸ್ಟ್ ಇಂಡೀಸ್ ಕಡೆ ಹೊಂಟೇವಿ."

ಅವ್ವ ಫೋನಿಗೆ ಮುಖ ಹತ್ತಿರ ತಂದು ನನ್ನನ್ನು ನೋಡಿದಳು. ಆಮೇಲೆ, "ಬೆನ್ನು ಭಾಳ ನೋಯ್ತೈತೇನು?" ಅಂದಳು. ಬೆನ್ನಿನ ಸುದ್ದಿ ನಾನು ಅವಳಿಗೆ ಹೇಳಿರಲೇ ಇಲ್ಲ. ಪರದೆಯ ಮೇಲೆ ನಾನು ಕೂತ ರೀತಿ ನೋಡಿಯೇ ತಿಳಿದುಕೊಂಡಿದ್ದಳು. "ಹೋಗಿ ಬರ್ರಿ. ನಾವೆಲ್ಲಿ ಓಡಿ ಹೊಕ್ಕೇವಿ," ಅಂದಳು. ನನಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು.

ಮರುದಿನ ಬೆಳಗಾವಿಯಿಂದ ಫೋನು. ಕಾಕಾನ ಮಗ, ನನಗೆ ಅಣ್ಣ. ದನಿಯಲ್ಲಿ ಸಿಟ್ಟಿತ್ತು.

"ಅಲ್ಲ ತಂಗಿ, ಇಲ್ಲೇ ಬಗಲಾಗ ಬಂದು ನಮ್ಮ ಮನಿಗೆ ಬರೂದಿಲ್ಲಂದ್ರ ಹೆಂಗ?"

ನನಗೆ ತಲೆಬುಡ ತಿಳಿಯಲಿಲ್ಲ. ಕೇಳಿದರೆ ಅವ್ವ ಓಣಿಗೆಲ್ಲ, ನೆಂಟರಿಗೆಲ್ಲ ಸುದ್ದಿ ಮುಟ್ಟಿಸಿದ್ದಳು: ಮಗಳು ಈ ವರ್ಷ ನಮ್ಮ ಕಡೆ ಬರೂದಿಲ್ಲ, ವೆಸ್ಟ್ ಇಂಡಿಯಾಕ್ಕ ಹೊಂಟಾಳ, ಅಲ್ಲಿ ಸಮುದ್ರದ ದಂಡಿಗೆ ರೆಸಾರ್ಟಿನ್ಯಾಗ ಇರ್ತಾಳಂತ. ವೆಸ್ಟ್ ಇಂಡಿಯಾ, ಸಮುದ್ರದ ದಂಡಿ, ರೆಸಾರ್ಟು. ಅಣ್ಣ ಮೂರನ್ನೂ ಕೂಡಿಸಿ ಗೋವಾ ಅಂತ ತೆಗೆದಿದ್ದ.

ನಾನು ಇಪ್ಪತ್ತು ನಿಮಿಷ ಬಿಡಿಸಿ ಹೇಳಿದೆ. ಅದು ಬೇರೆ ದೇಶ, ಅಟ್ಲಾಂಟಿಕ್ ಮಹಾಸಾಗರದ ಆಚೆ, ದಕ್ಷಿಣ ಅಮೆರಿಕದ ಮಗ್ಗುಲಿಗೆ, ಕ್ರಿಕೆಟ್ಟಿನ ವೆಸ್ಟ್ ಇಂಡೀಸ್ ಇರುವ ಕಡೆ. ಅಣ್ಣ ನಡುವೆ ಬಾಯಿಹಾಕದೆ ಪೂರ್ತಿ ಕೇಳಿಸಿಕೊಂಡ.

"ಇಷ್ಟೆಲ್ಲಾ ಸುತ್ತು ಹಾಕಿ ಹೇಳಬ್ಯಾಡ," ಅಂದ. "ಮನಿಗೆ ಬರಲಿಕ್ಕೆ ಪುರುಸೊತ್ತಿಲ್ಲಂದ್ರ ಬಿಡು. ಮಡಗಾಂವಕ್ಕ ಎಷ್ಟ್ ಗಂಟೆಗೆ ಇಳೀತಿ ಅಷ್ಟು ಹೇಳು, ಒಂದ್ ಕೆಜಿ ಕುಂದಾ ಕಳಸ್ತೀನಿ."

೫. ನಾವಿಬ್ಬರೂ

ಒಂದು ಶನಿವಾರ ನಮ್ಮನೆಯವರು ಲ್ಯಾಪ್‌ಟಾಪ್ ಮುಚ್ಚಿ ನನ್ನ ಪಕ್ಕ ಬಂದು ಕೂತರು. "ನಿನ್ನ ಬೆನ್ನಿಗೋಸ್ಕರ ಹೋಗ್ತಾ ಇರೋದು. ನಿಂಗೆ ಇಷ್ಟ ಅಂದ್ಮೇಲೆ ಆ ಚಿಕ್ಕದೇ ಆಗಲಿ. ನಾನು ಸುಮ್ನೆ ಹಠ ಮಾಡ್ದೆ," ಅಂದರು. ನನಗೆ ಕಣ್ಣು ತುಂಬಿಬಂತು. ಪಕ್ಕದ ಮನೆಗೆ ಹೋಗಿ ಆ ಗುರುವಾರದ ಪ್ರಶ್ನೆಗೆ ಉತ್ತರ ಹೇಳಿ ಬರಲೇ ಅನ್ನಿಸಿತು. ಇವರು ಅಷ್ಟಕ್ಕೇ ನಿಲ್ಲಿಸಿದ್ದರೆ ಹೇಳಿಯೂ ಬರುತ್ತಿದ್ದೆನೇನೋ.

"ಅದೂ ಅಲ್ದೆ ಅಲ್ಲಿ ಮನೆ ಮನೆಗೂ ಅಡುಗೆಮನೆ ಇದೆ. ಚಿಕ್ಕ ಕುಕ್ಕರ್ ಒಂದು ತಗೊಂಡು ಹೋಗೋಣ. ತೊಗರಿಬೇಳೆ, ಸಾರಿನ ಪುಡಿ, ಒಂದು ಸ್ವಲ್ಪ ಉಪ್ಪಿಟ್ಟಿನ ರವೆ."

"ಅಡಿಗಿ ಯಾರ್ ಮಾಡೋರು?"

"ನಾವಿಬ್ರೂ."

ನಮ್ಮ ಮನೆಯಲ್ಲಿ ಆ ಮಾತಿಗೆ ಬೇರೆಯೇ ಅರ್ಥವಿದೆ. ನಾನು ಒಗ್ಗರಣೆ ಹಾಕುವುದು, ಅವರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಏನಾದ್ರೂ ಹೆಲ್ಪ್ ಬೇಕಾ?" ಅನ್ನುವುದು. ತೂಗುಮಂಚದ ಫೋಟೋ ನನ್ನ ಕಣ್ಣೆದುರು ಬಂತು. ಅದರಲ್ಲಿ ಮಲಗಿದ್ದವರು ಅವರಾಗಿದ್ದರು. ನನಗೆ ಕುಕ್ಕರಿನ ಸೀಟಿ ಕೇಳಿಸಿತು.

"ದೊಡ್ಡದಕ್ಕ ಹೋಗೂಣು," ಅಂದೆ.

ಅವರಿಗೆ ಇದು ಅನ್ಯಾಯ ಅನ್ನಿಸಿತು. ಇಷ್ಟು ದಿನ ಕಷ್ಟಪಟ್ಟು ಮನಸ್ಸು ಬದಲಾಯಿಸಿಕೊಂಡಿದ್ದರಲ್ಲ. ಚಿಕ್ಕದರ ಶಾಂತಿ, ಪುಟ್ಟ ಕೊಲ್ಲಿ, ಸ್ವಚ್ಛ ನೀರು ಅಂತ ನನ್ನ ಮಾತನ್ನೆಲ್ಲ ನನಗೇ ಒಪ್ಪಿಸತೊಡಗಿದರು. ನಾನು ಐದು ಊಟದ ಮನೆ, ಮೂರು ಕೊಳ ಅಂತ ಅವರ ಮಾತನ್ನು ಹಿಡಿದುಕೊಂಡೆ. ಮಗಳು ಮೆಟ್ಟಿಲ ಮೇಲೆ ಕೂತು ಹತ್ತು ನಿಮಿಷ ಕೇಳಿದಳು.

"ಐ ಶುಡ್ ಹ್ಯಾವ್ ರೆಕಾರ್ಡೆಡ್ ದಿಸ್ ಲಾಸ್ಟ್ ಮಂತ್," ಅಂದಳು. ನಮಗೆ ಚೆನ್ನಾಗಿ ನಾಟಲೆಂದೋ ಏನೋ, ಅಪರೂಪಕ್ಕೆ ಕನ್ನಡದಲ್ಲೂ ಹೇಳಿದಳು. "ಅದನ್ನೇ ಹಾಕಿದ್ರೆ ಸಾಕಿತ್ತು. ಅಮ್ಮ ಪಪ್ಪನ ವಾಯ್ಸ್ ಅಷ್ಟೇ ಚೇಂಜ್ ಮಾಡಬೇಕಿತ್ತು."

೬. ಬಿಳಿ ಟೋಪಿ

ಹಟ ಗೆದ್ದು ದೊಡ್ಡದನ್ನೇ ಬುಕ್ ಮಾಡಿಸಿದೆ. ಗೆದ್ದದ್ದರ ತೊಂದರೆ ಅಲ್ಲಿಗೆ ಹೋದ ಮೇಲೆ ತಿಳಿಯಿತು. ಬೆಳಿಗ್ಗೆ ಒಂಬತ್ತಕ್ಕೆ ಕೊಳದ ಹತ್ತಿರ ಸ್ಪೀಕರು ಶುರು. ಒಬ್ಬ ಹುಡುಗಿ ಮೈಕ್ ಹಿಡಿದು ಎಲ್ಲರನ್ನೂ ನೀರಿಗಿಳಿಸಿ ಕುಣಿಸುತ್ತಿದ್ದಳು. ಒರಗುಕುರ್ಚಿ ಸಿಗಬೇಕೆಂದರೆ ಬಸ್ಸಿನ ಸೀಟಿಗೆ ಕರ್ಚೀಪು ಹಾಕಿದ ಹಾಗೆ ಏಳಕ್ಕೇ ಹೋಗಿ ಟವೆಲ್ ಹಾಸಿ ಬರಬೇಕು. ನಮ್ಮನೆಯವರು "ಹೇಗಿದೆ?" ಅಂತ ಕೇಳಿದಾಗೆಲ್ಲ ನಾನು "ಭಾಳ ಚಲೋ ಐತಿ" ಅನ್ನುತ್ತಿದ್ದೆ. ಬೇರೆ ಏನನ್ನಲಿ, ನಾನೇ ಹಟ ಹಿಡಿದು ಕರೆತಂದದ್ದು.

ಮೂರನೇ ದಿನ ಮಧ್ಯಾಹ್ನ ಕೊಳದ ಪಕ್ಕದ ಊಟದ ಮನೆಯಲ್ಲಿ ಕೂತಿದ್ದೆವು. ಮಗಳು ಇನ್ನೂ ನೀರಿನಲ್ಲಿದ್ದಳು. ಮುಂದಿನ ಮೇಜಿನಲ್ಲಿ ನಮಗೆ ಬೆನ್ನು ಹಾಕಿ ಬಿಳಿ ಟೋಪಿಯವರೊಬ್ಬರು ಕೂತಿದ್ದರು. ನೋಡಲು ನಮ್ಮವರ ಹಾಗೇ ಇದ್ದರು. ಆದರೆ ಅಲ್ಲಿಗೆ ಬರುವ, ಹಿಂದೆ ಭಾರತದಿಂದ ಕೂಲಿಗೆ ಹೋದವರ ಪೀಳಿಗೆಯ ಸುರಿನಾಮಿನ ಹಿಂದೂಸ್ತಾನಿಗಳೂ ಹಾಗೇ ಕಾಣುತ್ತಾರೆ, ಎರಡು ದಿನದಲ್ಲಿ ಅಂಥ ನಾಲ್ಕು ಸಂಸಾರ ನೋಡಿದ್ದೆವು. ಕನ್ನಡ ಯಾರಿಗೆ ಗೊತ್ತಾಗುತ್ತದೆ ಅನ್ನುವ ಧೈರ್ಯ ಹನ್ನೊಂದು ವರ್ಷದಿಂದ ಕೈಕೊಟ್ಟಿರಲಿಲ್ಲ. ನಮ್ಮನೆಯವರು ದನಿ ಕೂಡ ತಗ್ಗಿಸಲಿಲ್ಲ.

"ಆ ಬಿಳಿ ಟೋಪಿ ನೋಡು. ನಾವು ಬಂದಾಗಿಂದ ಮೂರನೇ ಸಲ ತಟ್ಟೆ ತುಂಬಿಸ್ಕೊಂಡು ಬಂದ. ಹೊಟ್ಟೇನೋ, ಗೋಡೌನೋ."

ಬಿಳಿ ಟೋಪಿ ನಿಧಾನವಾಗಿ ನಮ್ಮ ಕಡೆ ತಿರುಗಿತು.

"ನಾಲ್ಕನೇ ಸಲ ಸಾರ್," ಅಂದರು. "ಒಂದು ನೀವು ಬರೋಕ್ಕೆ ಮುಂಚೆ ಆಗಿತ್ತು."

ನಮ್ಮನೆಯವರ ಕೈಯ ಚಮಚ ಹಾಗೇ ಗಾಳಿಯಲ್ಲಿ ನಿಂತಿತು. ಕ್ಷಮೆ ಕೇಳಲು ಬಾಯಿ ತೆರೆದರು, ಬಾಯಿತುಂಬ ಅನ್ನವಿತ್ತು. ಆ ಮನುಷ್ಯ ಬೇಜಾರು ಮಾಡಿಕೊಳ್ಳಲಿಲ್ಲ. ಕುರ್ಚಿಯನ್ನೇ ನಮ್ಮ ಕಡೆ ಎಳೆದುಕೊಂಡು ದನಿ ತಗ್ಗಿಸಿದರು. ಬೆಂಗಳೂರಿನವರು, ಈಗ ರಾಟರ್‌ಡ್ಯಾಮಿನಲ್ಲಿ ಕೆಲಸ, ನಮ್ಮ ಹಾಗೇ ಒಂದು ವಾರಕ್ಕೆ ಬಂದು ಅವರಿಗೂ ಇದು ಮೂರನೇ ದಿನ.

"ನಂಗೂ ಹಸಿವಿಲ್ಲ ಸಾರ್. ಎರಡನೇ ತಟ್ಟೆಗೇ ಹೊಟ್ಟೆ ತುಂಬಿತ್ತು. ಆದರೆ ಏನ್ಮಾಡ್ಲಿ, ನಮ್ಮ ಮನೆಯವಳು ಬೇರೆ ಒಂದು ಚಿಕ್ಕ ರೆಸಾರ್ಟ್ ತೋರಿಸಿದ್ಲು. ನಾನೇ ಹಠ ಹಿಡಿದು ಇಲ್ಲಿಗೆ ಕರ್ಕೊಂಡ್ ಬಂದೆ. ಅಲ್ಲಿ ಕೂತಿದಾಳೆ ನೋಡಿ, ಕಪ್ಪು ಕನ್ನಡಕ. ನಾನು ತಟ್ಟೆ ಕೆಳಗಿಟ್ಟ ತಕ್ಷಣ ಎದ್ದು ಬರ್ತಾಳೆ, 'ಅಷ್ಟೇನಾ?' ಅಂತ ಕೇಳೋಕ್ಕೆ."

ನಮ್ಮನೆಯವರು ಆ ಕಪ್ಪು ಕನ್ನಡಕವನ್ನು ನೋಡಿದರು. ಆಮೇಲೆ ಅರ್ಧಕ್ಕೇ ಬಿಟ್ಟಿದ್ದ ನನ್ನ ತಟ್ಟೆಯನ್ನು ನೋಡಿದರು. ಆಮೇಲೆ ನನ್ನ ಮುಖವನ್ನು ನೋಡಿದರು.

ನಾನು ತಟ್ಟೆ ಎತ್ತಿಕೊಂಡು ಎದ್ದೆ. ಬಿಳಿ ಟೋಪಿಯವರೂ ಐದನೇ ಸಲಕ್ಕೆ ಎದ್ದು ಬಂದು, ಸಾಲಿನಲ್ಲಿ ನನಗೆ ಜಾಗ ಬಿಟ್ಟು, "ಮೊದಲು ನೀವು ಬನ್ನಿ ಮೇಡಂ," ಅಂದರು. "ಇನ್ನೂ ನಾಲ್ಕು ದಿನ ಇದೆ, ಸಿಹಿ ಕಡೆಯಿಂದ ಶುರು ಮಾಡ್ಬೇಡಿ."