ಪಾಚಿಗೊಂದು ಕಿಟಕಿ ಸೀಟು

ಲೋಕದಲ್ಲಿ ಎಲ್ಲರೂ ಪಾಚಿಯನ್ನು ಉಜ್ಜಿ ತೆಗೆಯುತ್ತಾರೆ. ಅದಕ್ಕೆ ಹೊತ್ತುಹೊತ್ತಿಗೆ ಊಟ ಹಾಕಿ, "ಉಂಡ್ಯಾ ಬಂಗಾರಾ?" ಎಂದು ವಿಚಾರಿಸುವವಳು ನನ್ನ ರೂಮ್‌ಮೇಟ್ ಒಬ್ಬಳೇ!

ಹುಬ್ಬಳ್ಳಿಯ ಹುಡುಗಿ. ತಿರುವನಂತಪುರದಲ್ಲಿ ಸಂಶೋಧನೆ ಮಾಡುತ್ತಾಳೆ. ನಾನು ಮೈಸೂರಿನವಳು, ಇಲ್ಲಿನ ಐಟಿ ಕಂಪನಿಯೊಂದರಲ್ಲಿ ಕೀಬೋರ್ಡು ಕುಟ್ಟುತ್ತೇನೆ. ಪಟ್ಟಂನ ಒಂದು ಮನೆಯ ಮಹಡಿಯಲ್ಲಿ ಇಬ್ಬರೂ ಬಾಡಿಗೆಗಿದ್ದೇವೆ. ಕೆಳಗೆ ಮನೆಯ ಒಡತಿ. ನಮಗೆ ಆಕೆ ಚೇಚಿ, ಅಂದರೆ ಅಕ್ಕ.

ಬಂದ ಹೊಸದರಲ್ಲಿ ಫ್ರಿಜ್ಜಿನಲ್ಲಿದ್ದ ಹಸಿರು ಬಾಟಲಿಯನ್ನು ಪುದೀನ ಚಟ್ನಿ ಎಂದುಕೊಂಡು ದೋಸೆಯ ಮೇಲೆ ಸುರಿದುಕೊಂಡು ಒಂದು ತುತ್ತು ತಿಂದೆ. ಇವಳು ಕಿಟಾರನೆ ಕಿರುಚಿದಳು.

"ಯವ್ವಾ! ಅಕ್ಕಾ, ನೀ ತಿಂದದ್ದು ವಿಮಾನದ ಎಣ್ಣಿ!"

"ಅಯ್ಯೋ, ನನಗೇನಾದರೂ ಆಗುತ್ತೇನೇ?"

"ನಿನಗೇನಾಕ್ಕೈತಿ? ಅವಕ್ಕ ಏನಾತು ಅಂತ ಕೇಳು!"

ನಾನು ಬಾಯಿ ಮುಕ್ಕಳಿಸಿ ಬಂದ ಮೇಲೆ ಪಾಠ ಶುರುವಾಯಿತು. ಪಾಚಿಯ ಮೈಯಲ್ಲಿ ಎಣ್ಣೆ ಇರುತ್ತದಂತೆ. ಅದನ್ನು ಹಿಂಡಿ, ಸಂಸ್ಕರಿಸಿದರೆ ವಿಮಾನಕ್ಕೆ ಇಂಧನ. ಉರಿದಾಗ ಹೊರಬರುವ ಇಂಗಾಲ ಪಾಚಿ ಬೆಳೆಯುವಾಗ ಗಾಳಿಯಿಂದಲೇ ಹೀರಿಕೊಂಡದ್ದು. ಆದ್ದರಿಂದ ನೆಲದಡಿಯ ಎಣ್ಣೆ ಸುಟ್ಟಷ್ಟು ಹೊರೆ ಆಕಾಶಕ್ಕಿಲ್ಲ. ಹಾಗಾದರೆ ಕಷ್ಟವೇನು?

"ಬಾಟಲಿನಾಗ ಯಾರ್ ಬೇಕಾದ್ರೂ ಬೆಳಸ್ತಾರ. ಕೆರಿ ತುಂಬ ಬೆಳಸಬೇಕು, ಅದೂ ಅಗ್ಗದಾಗ. ಅಲ್ಲೇ ಸಾಯ್ತಾವ ಮುಂಡೇವು!"

ಬೆಳೆಸುವ ಉತ್ಸಾಹ ಲ್ಯಾಬಿಗೆ ಸಾಲದೆ ಮನೆಗೂ ಬಂತು. ಬಕೆಟ್ಟು, ಬೋಗುಣಿ, ನನ್ನ ಕುಕ್ಕರಿನ ಹಳೇ ತಳ, ಎಲ್ಲವೂ ಹಸಿರು! ಒಂದು ಸಂಜೆ ಚೇಚಿ ಫೋನಿನಲ್ಲಿ ಯಾರಿಗೋ ಗೋಳು ಹೇಳಿಕೊಳ್ಳುತ್ತಿದ್ದರು: "ಮುಗಳಿಲ್ ಮುಳುವನ್ ಪಾಯಲಾ!" ಮಹಡಿಗೆ ಪಾಯಲ್ ಎಂಬ ಉತ್ತರ ಭಾರತದ ಹುಡುಗಿ ಬರುತ್ತಾಳೆಂದು ತಿಳಿದು ನಾನು ನನ್ನ ಬಟ್ಟೆಗಳನ್ನೆಲ್ಲ ಒತ್ತರಿಸಿ ಕಪಾಟಿನಲ್ಲಿ ಜಾಗ ಮಾಡಿಟ್ಟೆ. ಮಲಯಾಳದಲ್ಲಿ ಪಾಯಲ್ ಎಂದರೆ ಪಾಚಿ, ಚೇಚಿ ಹೇಳಿದ್ದು 'ಮಹಡಿ ತುಂಬ ಪಾಚಿ' ಎಂದು ಆಮೇಲೆ ಗೊತ್ತಾಯಿತು. ಜಾಗ ವ್ಯರ್ಥವಾಗಲಿಲ್ಲ ಬಿಡಿ. ಅಲ್ಲೂ ಎರಡು ಬಾಟಲಿ ಬಂದು ಕೂತವು!

ಇವಳೊಂದಿಗೆ ಪ್ರಯಾಣ ಮಾಡಿದ್ದೀರಾ? ಮಾಡಬೇಡಿ. ಕೊಚ್ಚಿಯ ಕಾಕ್ಕನಾಡಿನ ನಮ್ಮ ಆಫೀಸಿನಲ್ಲಿ ನನಗೆ ಕೆಲಸವಿತ್ತು, ಅದೇ ಊರಿನ ಒಂದು ಲ್ಯಾಬಿನಲ್ಲಿ ಅವಳ ಪಾಚಿಗೆ ಪರೀಕ್ಷೆಯಿತ್ತು. ಒಂದೇ ಬಸ್ಸಿನಲ್ಲಿ ಹೊರಟೆವು. ಕಿಟಕಿ ಪಕ್ಕದ ಸೀಟು ನನಗೂ ಇಲ್ಲ, ಅವಳಿಗೂ ಇಲ್ಲ. ಅದು ಬಾಟಲಿಗೆ! ಬಿಸಿಲು ಬೇಕಲ್ಲ? ಕಂಡಕ್ಟರು ಬಂದು ನೋಡಿ, ಇದೇನು ಮಗಳೇ ಎಂದು ಕೇಳಿದ.

"ಇದೆಂದಾ ಮೋಳೇ?"

"ವಿಮಾನಂ ಆಣು, ಚೇಟ್ಟಾ," ಎಂದಳು ತನ್ನ ಹುಬ್ಬಳ್ಳಿ ಮಲಯಾಳದಲ್ಲಿ. ಇದು ವಿಮಾನ, ಅಣ್ಣಾ ಎಂದು!

ಆತ ಬಾಟಲಿಯನ್ನೊಮ್ಮೆ, ಇವಳನ್ನೊಮ್ಮೆ ನೋಡಿ, "ಎನ್ನಾಲ್ ಹಾಫ್ ಟಿಕೆಟ್ ಎಡುಕ್ಕಣಂ!" ಎಂದ. ಹಾಗಾದರೆ ಅರ್ಧ ಟಿಕೆಟು ತೆಗೆಸಬೇಕು ಎಂದು! ಇಡೀ ಬಸ್ಸು ನಕ್ಕಿತು. ಇವಳು ಮಾತ್ರ ಗಂಭೀರವಾಗಿ ಪರ್ಸು ತೆಗೆದಳು. ಕೊಚ್ಚಿಯ ವೈಟ್ಟಿಲ ನಿಲ್ದಾಣದಲ್ಲಿ ಇಳಿಯುವವರೆಗೂ ನಾನು ಇವಳ, ಬಾಟಲಿಯ ಪೈಕಿ ಅಲ್ಲವೆಂಬಂತೆ ಮುಖ ತಿರುಗಿಸಿ ಕೂತಿದ್ದೆ.

ಪರೀಕ್ಷೆ ಮುಗಿಸಿ ಬಂದವಳ ಕೈಯಲ್ಲಿ ಒಂದು ಗಾಜಿನ ನಳಿಕೆ, ಅದರ ತಳದಲ್ಲಿ ನಾಲ್ಕು ಹನಿ ಎಣ್ಣೆ.

"ಇಷ್ಟರಲ್ಲಿ ವಿಮಾನ ಎಲ್ಲೀವರೆಗೆ ಹೋಗುತ್ತೆ?" ಎಂದೆ.

"ವಿಮಾನ ಅಳ್ಳಾಡೂದಿಲ್ಲ. ಪೈಲಟ್ಟನ ಮೀಸಿಗೆ ಹಚ್ಚಬೋದು!"

ಆದರೂ ಛಲ ಬಿಡಲಿಲ್ಲ. ಚೇಚಿಯನ್ನು ಕಾಡಿ ಬೇಡಿ ತಾರಸಿಯ ಮೇಲೆ ನೀಲಿ ಡ್ರಮ್ಮು ಇಟ್ಟಳು. ಮೊದಲ ಸಲ ಸತ್ತಿತು, ಎರಡನೆಯ ಸಲ ಸೊಳ್ಳೆಮರಿಗಳ ಪಾಲಾಯಿತು. ಮೂರನೆಯ ಸಲ ಡ್ರಮ್ಮಿನ ತುಂಬ ಗಟ್ಟಿ ಹಸಿರು ಕಟ್ಟಿತು ನೋಡಿ! ಇವಳು ಅದರ ಸುತ್ತ ಕುಣಿದಳು. ಮೇಲೆ ವಿಮಾನ ಹಾದಾಗ ಎಂದಿನಂತೆ ಮುಷ್ಟಿ ತೋರಿಸಿ, "ಬಿಡು ಮಗನ, ಎಷ್ಟ್ ಹೊಗಿ ಬಿಡ್ತಿ ಬಿಡು! ಬಂತು ನಿನ್ನ ಕಾಲ!" ಎಂದು ಬೈದಳು. ಮರುವಾರ ಅವಳ ಗೈಡೇ ಬಂದು ನೋಡುವವರಿದ್ದರು.

ಆ ವಾರವೇ ಚೇಚಿಯ ಗಂಡ ಗಲ್ಫಿನಿಂದ ಬರುವುದಿತ್ತು. ಎರಡು ವರ್ಷದ ಮೇಲೆ! ಚೇಚಿ ಮನೆಯನ್ನು ತಿಕ್ಕಿ ತೊಳೆದರು. ಅಂಗಳ ತೊಳೆದರು. ಸಡಗರ ಮೆಟ್ಟಿಲು ಹತ್ತಿ ತಾರಸಿಗೂ ಬಂತು. ನಾವು ಸಂಜೆ ಮನೆಗೆ ಬಂದಾಗ ಬ್ಲೀಚಿಂಗ್ ಪೌಡರಿನ ವಾಸನೆ. ಡ್ರಮ್ಮು ಬೋರಲಾಗಿ ಮಲಗಿತ್ತು, ಥಳಥಳ ಹೊಳೆಯುತ್ತಿತ್ತು.

ಮಹಾಯುದ್ಧಕ್ಕೆ ನಾನು ಸಿದ್ಧಳಾದೆ. ಇವಳು ಡ್ರಮ್ಮಿನ ಪಕ್ಕ ಕೂತುಬಿಟ್ಟಳು. ಮೇಲೆ ಬಂದ ಚೇಚಿ ಇವಳ ಮುಖ ನೋಡಿದ್ದೇ ತಡ, ಬಾಯಿಗೆ ಸೆರಗು ಒತ್ತಿಕೊಂಡರು. "ಅಯ್ಯೋ ಮೋಳೇ... ಞಾನ್ ಅರಿಞ್ಞಿಲ್ಲ." ನನಗೆ ತಿಳಿಯಲಿಲ್ಲ ಮಗಳೇ ಎಂದು ಅಳತೊಡಗಿದರು.

"ಅಳಬ್ಯಾಡ್ರಿ ಚೇಚಿ," ಎಂದಳು ಇವಳು, ತನ್ನ ಕಣ್ಣೊರೆಸಿಕೊಳ್ಳುತ್ತಲೇ. "ಲ್ಯಾಬಿನಾಗ ಬೀಜಕ್ಕ ಒಂದಿಷ್ಟು ಇಟ್ಟೀನಿ. ಮತ್ತ ಬೆಳಸೂಣಂತ." ಚೇಚಿಗೆ ಒಂದಕ್ಷರ ಕನ್ನಡ ಬಾರದು. ತಲೆ ಮಾತ್ರ ಆಡಿಸಿದರು.

ಮರುದಿನ ಮಧ್ಯಾಹ್ನ ಚೇಚಿ ನಮ್ಮಿಬ್ಬರನ್ನೂ ವಿಮಾನ ನಿಲ್ದಾಣಕ್ಕೆ ಎಳೆದುಕೊಂಡು ಹೋದರು. ಹೊರಗಿನ ಕಂಬಿಗೆ ಆನಿಕೊಂಡು ನಿಂತೆವು. ಸುತ್ತ ಅಜ್ಜಿಯರು, ಬಸುರಿಯರು, ಹೆಗಲ ಮೇಲೆ ಕೂತ ಮಕ್ಕಳು. ಎಲ್ಲರ ಕಣ್ಣೂ ಒಂದೇ ಬಾಗಿಲಿನ ಮೇಲೆ. ಕಡೆಗೂ ಚೇಚಿಯ ಗಂಡ ಟ್ರಾಲಿ ತಳ್ಳಿಕೊಂಡು ಬಂದರು. ಫೋಟೋದಲ್ಲಿದ್ದಷ್ಟು ಕೂದಲಿರಲಿಲ್ಲ. ಎದುರುಬದುರು ನಿಂತ ಗಂಡ ಹೆಂಡತಿಗೆ ಏನು ಮಾಡಬೇಕೋ ತೋಚಲಿಲ್ಲ. ಆತ ಚೇಚಿಯ ಕೈ ಹಿಡಿದರು. ಬ್ಲೀಚಿಂಗ್ ಪೌಡರಿಗೆ ಸಿಪ್ಪೆಯೆದ್ದ ಬೆರಳುಗಳನ್ನು ನೋಡುತ್ತ, ಹೆಬ್ಬೆರಳಿನಿಂದ ಮೆಲ್ಲಗೆ ಸವರುತ್ತ ನಿಂತುಬಿಟ್ಟರು.

ಆಗಲೇ ತಲೆಯ ಮೇಲೆ ಒಂದು ವಿಮಾನ ಗುಡುಗುತ್ತ ಹತ್ತಿ ಹೋಯಿತು. ಇವಳು ಮುಷ್ಟಿ ಎತ್ತುತ್ತಾಳೆಂದು ಕಾದೆ. ಎತ್ತಲಿಲ್ಲ. ಅದು ಕಾಣದಾಗುವವರೆಗೂ ನೋಡಿದಳು.

"ಅಕ್ಕಾ, ವಿಮಾನ ನಿಲ್ಲಬಾರದವಾ. ಎಷ್ಟ್ ಮಂದಿ ಕಾಯ್ತಿರ್ತಾರ ನೋಡು. ಹೊಗಿ ಅಷ್ಟ ನಿಲ್ಲಬೇಕು."

ದುಪಟ್ಟಾದಿಂದ ಮೂಗು ಒರೆಸಿಕೊಂಡವಳೇ, ಅವರಿಬ್ಬರೂ ಮರೆತುಬಿಟ್ಟಿದ್ದ ಟ್ರಾಲಿಯನ್ನು ತಳ್ಳಲು ಓಡಿದಳು.