ಕಂಪ್ಯೂಟರ್ ಕಾವಲಿಗೆ ನಾಲ್ವರು

"ಇವತ್ತು ಈ ಕಂಪ್ಯೂಟರ್ ಉಳೀಬೇಕು, ಇಲ್ಲಾ ನಾನು!" ಎಂದು ತೋಳೇರಿಸಿ ಘೋಷಿಸಿದೆ.

ನನ್ನ ಹೆಂಡತಿ ಅಡುಗೆಮನೆಗಳ ನಕ್ಷೆ ಬರೆಯುವವಳು. ಅವಳು ಮೌಸ್ ಆಡಿಸಿದರೆ ಸಾಕು, ಪರದೆಯ ಮೇಲೆ ಕಪಾಟುಗಳು ಏಳುತ್ತವೆ, ಬಾಗಿಲು ತೆರೆಯುತ್ತವೆ, ಇಡೀ ಅಡುಗೆಮನೆ ಬುಗುರಿಯ ಹಾಗೆ ತಿರುಗುತ್ತದೆ. ಎಷ್ಟು ಸಲ ನೋಡಿದರೂ ನಾನು ಬಾಯಿ ಬಿಟ್ಟುಕೊಂಡೇ ನಿಲ್ಲುತ್ತೇನೆ! ಆದರೆ ಈಗ ಅಡುಗೆಮನೆ ಅರ್ಧ ತಿರುಗುವಷ್ಟರಲ್ಲಿ ಪರದೆ ನೀಲಿಗಟ್ಟಿ, ಕಂಪ್ಯೂಟರ್ ಗೊಟಕ್ ಅನ್ನುತ್ತಿತ್ತು. ಅತ್ತ ಬಡಗಿಯ ಫೋನು ಬೇರೆ.

"ಅಕ್ಕಾ, ಹಲಗೆ ಮಿಷನ್ ಮೇಲಿಟ್ಕೊಂಡು ಕೂತಿದ್ದೀನಿ. ಸಂಜೆಯೊಳಗೆ ಅಳತೆ ಬರದಿದ್ರೆ ನಿಮ್ಮ ಕೆಲಸ ಬಿಟ್ಟು ಬೇರೆಯವರದ್ದು ಹಿಡೀತೀನಿ!"

ಹೆಂಡತಿಯನ್ನು ಎಬ್ಬಿಸಿ ನಾನು ಕುರ್ಚಿ ಎಳೆದುಕೊಂಡೆ.

"ಮೆಮೊರಿ ಕಮ್ಮಿ ಬಿದ್ದಿದೆ ಕಣೇ! ಪಾಪ, ಅದಕ್ಕೆ ಉಸಿರಾಡೋಕೂ ಜಾಗ ಇಲ್ಲ!"

ಮೆಮೊರಿ ಉಳಿಸಿಕೊಡುವ ತಂತ್ರಾಂಶವೊಂದನ್ನು ಇಳಿಸಿಕೊಂಡೆ. ಕಂಪ್ಯೂಟರ್ ಮತ್ತೆ ಮಲಗಿತು. ಇದಕ್ಕೆ ಬಲ ಸಾಲದೆಂದು ಇನ್ನೊಂದು ಹಾಕಿದೆ. ನಕ್ಷೆ ತೆರೆಯುವ ಮೊದಲೇ ಮಲಗಿತು! ಇವೆರಡನ್ನೂ ನೋಡಿಕೊಳ್ಳಲು ಮತ್ತೊಂದು ಹಾಕಿದೆ. ಈಗ ಮೌಸಿನ ಬಾಣವೇ ತೆವಳತೊಡಗಿತು.

"ಏಳ್ರೀ ಮೇಲೆ!"

ಎದ್ದೆ. ಅವಳು ಕೂತು ಮೂರು ಕೀ ಒಟ್ಟಿಗೆ ಒತ್ತಿದಳು. ಒಳಗೆ ಓಡುತ್ತಿರುವ ತಂತ್ರಾಂಶಗಳ ಪಟ್ಟಿ ತೆರೆದುಕೊಂಡಿತು. ಅಬ್ಬಬ್ಬಾ! ಅಲ್ಲಿ ಒಂದು ಊರೇ ಇತ್ತು! ಸದ್ದು ಹೊರಡಿಸುವವನು, ಅಕ್ಷರ ಮೂಡಿಸುವವನು, ಗಡಿಯಾರ ನಡೆಸುವವನು... ಯಾರ ಶಹಭಾಸ್‌ಗೂ ಕಾಯದೆ, ಚೂರುಪಾರು ಜಾಗದಲ್ಲಿ ಮುದುಡಿಕೊಂಡು ದುಡಿಯುತ್ತಿದ್ದರು. ಇಷ್ಟು ದಿನ ಇವರ ತಲೆಯ ಮೇಲೆ ಕೂತು ನಾನು ಬರೀ ಇಸ್ಪೀಟು ಆಡಿದೆನಲ್ಲ! ಕೈ ಮುಗಿಯಬೇಕೆನಿಸಿತು.

"ಎಲ್ಲರಿಗಿಂತ ಮೇಲೆ ಕಾಲು ಚಾಚ್ಕೊಂಡಿದ್ದಾರಲ್ಲ, ಯಾರ್ರೀ ಈ ನಾಲ್ವರು?"

"ಮೆಮೊರಿ ಉಳಿಸೋರು."

"ಉಳಿಸೋದಾ? ಇರೋದನ್ನೆಲ್ಲ ಇವರೇ ನುಂಗ್ತಿದ್ದಾರೆ! ಇವತ್ತು ಹಾಕಿದ್ದು ಮೂರು ತಾನೇ? ಇನ್ನೊಬ್ಬ ಯಾವಾಗ ಬಂದ?"

"ಹೋದ ವಾರ. ಸುಮ್ನೆ... ಇನ್ನೂ ಚುರುಕಾಗಲಿ ಅಂತ."

"ಕಂಪ್ಯೂಟರ್ ಕೆಟ್ಟಿದ್ದು?"

"ಹೋದ ವಾರ."

ಅವಳು ನಾಲ್ವರನ್ನೂ ಒಬ್ಬೊಬ್ಬರಾಗಿ ಹೊರಗಟ್ಟಿ, ಕಂಪ್ಯೂಟರ್ ಆರಿಸಿ ಹಚ್ಚಿದಳು. ಅಡುಗೆಮನೆ ಮೆಲ್ಲಗೆ ಅಲುಗಾಡಿತು, ಅರ್ಧ ತಿರುಗಿತು, ಪೂರ್ತಿ ತಿರುಗಿತು! ಅಳತೆ ಬಡಗಿಗೆ ಹೋಯಿತು. ಫೋನಿನಲ್ಲಿ ಅವನ "ಬಂತು ಅಕ್ಕಾ!" ಕೂಗಿನ ಹಿಂದೆಯೇ ಗರಗಸದ ಸದ್ದೂ ಕೇಳಿಸಿತು. ಈ ಹೆಂಗಸು ನನ್ನ ಹೆಂಡತಿಯೇ ಎಂದು ಬೆರಗಾಗಿ ನೋಡಿದೆ.

"ಅಂತೂ ಇಬ್ರೂ ಸೇರಿ ಗೆದ್ವಿ!" ಎನ್ನುತ್ತ ಮೌಸಿನತ್ತ ಕೈ ಚಾಚಿದೆ.

ಅವಳು ಕೈ ತಡೆದಳು. "ರೀ, ಬೆಳಿಗ್ಗೆ ಏನಂದ್ರಿ? ಕಂಪ್ಯೂಟರ್ ಉಳೀಬೇಕು, ಇಲ್ಲಾ ನಾನು ಅಂತ ತಾನೇ?"

"ಹೌದು!"

"ಕಂಪ್ಯೂಟರ್ ಉಳೀತು," ಎಂದು ಬಾಗಿಲು ತೋರಿಸಿದಳು.